ಮಾದರಿ ಸಾಲದು

ಬೆಳಿಗ್ಗೆ ಎಂಟಕ್ಕೆ ಒಂದು, ಊಟಕ್ಕೆ ಮೊದಲು ಒಂದು,
ಬಾಗಿಲು ಹಾಕುವ ಹೊತ್ತಿಗೆ ಇನ್ನೊಂದು.
ಮೂರು ಪುಟ್ಟ ನಳಿಗೆ. ಮೇಲೆ ನನ್ನ ಹೆಸರಿಲ್ಲ,
ಬರೀ ಹದಿನೇಳು.
ಹತ್ತಿಯ ಸುರುಳಿ ನಾಲಿಗೆಯಡಿ ಇಟ್ಟುಕೊಂಡು
ಎರಡು ನಿಮಿಷ ಸುಮ್ಮನಿರಿ, ಅಗಿಯಬೇಡಿ ಎಂದಳು
ವಿಶ್ವವಿದ್ಯಾಲಯದಿಂದ ಬಂದ ರಯೆನ್.
ಉಗುಳಿನಲ್ಲಿ ಗೊತ್ತಾಗುತ್ತದಂತೆ
ಮನುಷ್ಯರು ಎಷ್ಟು ದಣಿದಿದ್ದಾರೆಂದು.

ನಗು ಬಂತು. ಇಪ್ಪತ್ತೆರಡು ವರ್ಷ
ಪುಂತಾ ಅರೆನಾಸಿನ ಅರ್ಧ ಊರಿನ ಎಂಜಲು
ಹೀರಿ ತೆಗೆದವಳು ನಾನು, ಎದುವೀಹೆಸ್.
ಏಡಿ ದೋಣಿಯವರದು, ಕುರಿಯ ಉಣ್ಣೆ ಕತ್ತರಿಸುವವರದು,
ನೌಕಾಪಡೆಯ ಹುಡುಗರದು, ಬೆರಳು ಕಚ್ಚಿದ ಮಕ್ಕಳದು,
ಒಮ್ಮೆ ಪಾದ್ರಿಯದೂ.
ಎಲ್ಲ ಒಂದೇ ಕೊಳವೆಯಲ್ಲಿ ಗೊರಗೊರ ಇಳಿದುಹೋಯಿತು,
ಯಾರೂ ಅಳೆಯಲಿಲ್ಲ.

ಆಮೇಲೆ ಕಾಗದ. ನಲವತ್ತು ಪ್ರಶ್ನೆ,
ಒಂದೊಂದರ ಮುಂದೂ ಐದು ಚೌಕ:
ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಬಹಳ ಸಲ, ಯಾವಾಗಲೂ.
'ಕೆಲಸದ ವೇಗ ನಿಮ್ಮ ಕೈಯಲ್ಲಿದೆಯೇ?'
ಗೋಡೆ ಗಡಿಯಾರದ ಕೈಯಲ್ಲಿದೆ. ತಲೆಗೆ ಹದಿನೈದು ನಿಮಿಷ,
ಅದರಲ್ಲೇ ಕುರ್ಚಿ ಒರೆಸಬೇಕು,
ಹೆದರಿದವರನ್ನು ಹೆಸರು ಹಿಡಿದು ಕರೆಯಬೇಕು.
ಇದಕ್ಕೆ ಯಾವ ಚೌಕ?
'ನಿಮ್ಮ ಭಾವನೆಯನ್ನು ಮುಚ್ಚಿಡಬೇಕಾಗುತ್ತದೆಯೇ?'
ಮುಖಗವಸು ಇದೆಯಲ್ಲ, ಅದು ಮುಚ್ಚುತ್ತದೆ.
ಕಣ್ಣು ಮಾತ್ರ ನಗಬೇಕು. ಕಣ್ಣಿನ ಕೆಲಸಕ್ಕೆ
ಬೇರೆ ಸಂಬಳವಿಲ್ಲ.

ಪಕ್ಕದ ಕೋಣೆಯಲ್ಲಿ ಡಾಕ್ಟರ್ ಕುಸಾನೊವಿಚ್
ಎಲ್ಲಕ್ಕೂ 'ಎಂದೂ ಇಲ್ಲ' ಎಂದು ಗುರುತು ಹಾಕುತ್ತಿದ್ದಾರೆ.
ನನಗೆ ಕಾಣುತ್ತದೆ, ಪೆನ್ನು ಒಂದೇ ನೇರಕ್ಕೆ ಕೆಳಗಿಳಿಯುವುದು.
ಅವರ ಕತ್ತು ಮಾತ್ರ ಎಡಕ್ಕೆ ವಾಲಿದ್ದು ವಾಲಿಯೇ ಇದೆ,
ಇಲ್ಲದ ಬಾಯೊಳಗೆ ಇಣುಕುವಂತೆ.
ಹೋದ ಮಂಗಳವಾರ ಬೇರೊಂದು ಮುರಿದು ಒಳಗೇ ಉಳಿದಾಗ
ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.
ನಾನು ನಲ್ಲಿ ಜೋರಾಗಿ ಬಿಟ್ಟೆ,
ರೋಗಿಗೆ ಕೇಳಿಸದಿರಲೆಂದು.
ಅದೂ ಕೆಲಸವೇ. ಪಟ್ಟಿಯಲ್ಲಿಲ್ಲ.

ಹೊರಗೆ ಗಾಳಿ. ಊರ ಚೌಕದ ಮೂಲೆಗೆ
ಹಗ್ಗ ಕಟ್ಟಿದ್ದಾರೆ, ಜನ ಹಿಡಿದು ದಾಟಲೆಂದು.
ಗಾಳಿಯನ್ನೂ ಅಳೆಯುತ್ತಾರೆ ಇಲ್ಲಿ.
ಗುಡ್ಡದ ಮೇಲೆ ಗಿರಗಿರ ತಿರುಗುವ ಬಟ್ಟಲುಗಳು
ಸಂಖ್ಯೆ ಹೇಳುತ್ತವೆ,
ಟೊಪ್ಪಿ ಯಾರದು ಹಾರಿತೆಂದು ಹೇಳುವುದಿಲ್ಲ.

ನಾನು ಎಲ್ಲಕ್ಕೂ 'ಆಗಾಗ' ಎಂದೆ.
ನಡುವಿನ ಚೌಕ. ಯಾರ ತಂಟೆಯೂ ಬೇಡ.
ರಾತ್ರಿ ಹಲ್ಲು ಮಸೆಯುತ್ತೀರಾ ಎಂಬುದಕ್ಕೂ ಅದೇ.
ಕೆಳದವಡೆಯ ಬಲಗಡೆಯದು ಸೀಳಿ ಎರಡು ಚಳಿಗಾಲವಾಯಿತು.
ಹಲ್ಲು ಕಚ್ಚಿ ಬದುಕಿದೆ ಕಣೇ, ಎನ್ನುತ್ತಿದ್ದಳು ಅಮ್ಮ.
ನನಗದು ಬರೀ ಮಾತಾಗಿ ಉಳಿಯಲಿಲ್ಲ.

ಸಂಜೆ, ಮೂರನೆಯ ನಳಿಗೆ.
ಹತ್ತಿ ಇಟ್ಟುಕೊಂಡೆ. ಎರಡು ನಿಮಿಷ. ನಾಲ್ಕು.
ತೆಗೆದರೆ ಒಣಗಿಯೇ ಇತ್ತು,
ಡಬ್ಬಿಯಿಂದ ಈಗಷ್ಟೇ ಎತ್ತಿಕೊಂಡಂತೆ.
ರಯೆನ್ ಬೆಳಕಿಗೆ ಹಿಡಿದು ನೋಡಿದಳು.
ನಿಂಬೆಹಣ್ಣು ನೆನೆಸಿಕೊಳ್ಳಿ, ಎಂದಳು ಮೆಲ್ಲಗೆ.
ನೆನೆಸಿಕೊಂಡೆ: ಹಳದಿ, ಉಪ್ಪು, ಅಜ್ಜಿಯ ಮೊಂಡು ಚಾಕು.
ಬಾಯಿ ಕೇಳಲಿಲ್ಲ.
ಹದಿನೇಳರ ಮುಂದೆ ಅವಳು ಬರೆದಳು:
ಮಾದರಿ ಸಾಲದು. ಲೆಕ್ಕದಿಂದ ಬಿಡಲಾಗಿದೆ.

ಎದ್ದೆ. ಕೊನೆಯವನು ಇನ್ನೂ ಕಾದಿದ್ದ,
ಕೆನ್ನೆ ಊದಿದ ಹುಡುಗ, ತಾಯಿಯ ಕೋಟು ಹಿಡಿದು.
ದೀಪ ಎಳೆದು ಇಳಿಸಿದೆ.
'ಆ' ಅನ್ನು, ಎಂದೆ.
ಅವನ ಬಾಯಿ ತುಂಬ ನೀರು.